ಹಸಿರು ದೀಪದ ಆರು ದಿನ

ಆ ಆಕ್ಸಿಜನ್ ಮಷೀನು ನನ್ನ ಅಂಗಡಿಗೆ ಮೊದಲ ಸಲ ಬಂದದ್ದು ಕಾರ್ತಿಕ ಮಾಸದ ಒಂದು ಸೋಮವಾರ ಬೆಳಿಗ್ಗೆ, ಗೂಡ್ಸ್ ಆಟೋದಲ್ಲಿ, ಹಳೆಯ ರಗ್ಗು ಸುತ್ತಿಕೊಂಡು. ತಂದವರು ನಮ್ಮ ರಾಮನಗರದ ರೀಲರ್ ಒಬ್ಬರು. ರೇಷ್ಮೆಗೂಡು ಬೇಯಿಸಿ ನೂಲು ಬಿಚ್ಚುವ ಸಣ್ಣ ಘಟಕವೊಂದು ಅವರ ಮನೆಗೆ ಅಂಟಿಕೊಂಡೇ ಇದೆ ಎಂದು ಕೇಳಿ ಗೊತ್ತಿತ್ತು. ಅವರ ಮನೆಯ ಟಿವಿ, ಮಿಕ್ಸಿ, ಯುಪಿಎಸ್ ಎಲ್ಲವನ್ನೂ ನಾನು ಒಂದಲ್ಲ ಒಂದು ಸಲ ಬಿಚ್ಚಿದ್ದೆ. ಅವರ ಮನೆಯ ಹೊಸ್ತಿಲನ್ನು ಮಾತ್ರ ತುಳಿದಿರಲಿಲ್ಲ. ಗಿರಾಕಿಗಳಲ್ಲಿ ಯಾರ ಮನೆಯ ಹೊಸ್ತಿಲನ್ನೂ ನಾನು ತುಳಿಯುತ್ತಿರಲಿಲ್ಲ.

ಮನೆ ರಿಪೇರಿ ಎಂದರೆ ನನಗೆ ಮೊದಲಿಂದಲೂ ಆಗದು. ಬೇರೆಯವರ ಮನೆಯಲ್ಲಿ ಬೆಳಕು ಸಾಲುವುದಿಲ್ಲ, ಟೇಬಲ್ ಇರುವುದಿಲ್ಲ, ಕೈಜಾರಿದ ಸ್ಕ್ರೂ ಮಂಚದ ಕೆಳಗೆ ಹೋದರೆ ಮತ್ತೆ ಸಿಗುವುದಿಲ್ಲ. ನಾಲ್ಕು ಜನ ಸುತ್ತ ನಿಂತು ‘ಏನಾಗೈತೆ, ಏನಾಗೈತೆ’ ಎಂದು ಪ್ರಾಣ ತಿನ್ನುತ್ತಾರೆ. ಅದು ಗೊತ್ತಾಗಲಿ ಅಂತಲೇ ಅಲ್ಲವೇ ಬಿಚ್ಚಿರುವುದು? ಎಲ್ಲ ಮುಗಿಸಿ ಏಳುವಾಗ ‘ಹಂಗೇ ಆ ಫ್ಯಾನೂ ಒಸಿ ನೋಡ್ಬುಡಿ’ ಎನ್ನುತ್ತಾರೆ. ಅಂಗಡಿಯ ಬೆಂಚಿನ ಮೇಲೆ ಆ ರಗಳೆ ಇಲ್ಲ. ಸ್ಟೆಬಿಲೈಸರ್ ಇದೆ, ಮೀಟರುಗಳಿವೆ, ಬಾಯಿ ಮುಚ್ಚಿಕೊಂಡು ಕೆಲಸ ಮಾಡುವ ಸುಖವಿದೆ. ಕಬ್ಬಾಳಿನ ಕಡೆಯವರೊಬ್ಬರು ನಲವತ್ತಮೂರು ಇಂಚಿನ ಟಿವಿಯನ್ನು ಬಸ್ಸಿನಲ್ಲಿ ತೊಡೆಯ ಮೇಲೆ ನಿಲ್ಲಿಸಿಕೊಂಡು ತಂದಿದ್ದರು. ಪಾಪ ಅನ್ನಿಸಿತು, ಆದರೂ ನಾನು ಜಗ್ಗಲಿಲ್ಲ. ಬೆಂಚಿನ ಮೇಲೆ ಕಂಡದ್ದೇ ಸತ್ಯ ಎಂದು ನಂಬಿ ಇಪ್ಪತ್ತಾರು ವರ್ಷ ಕಳೆದಿದ್ದವನು ನಾನು.

“ಅಣ್ಣ, ಇದು ಕೂಗ್ಕೊಂತೈತೆ,” ಅಂದರು ರೀಲರ್. “ಹಳದಿ ಲೈಟ್ ಬತ್ತೈತೆ, ಕೀ ಅಂತ ಕೂಗ್ತೈತೆ. ಅಮ್ಮಿ ಹೆದರ್ಕೊಂಡು ಮೂಗಿನ ಪೈಪೇ ಕಿತ್ತಾಕ್ತಾರೆ.”

ಅವರ ತಾಯಿಗೆ ಎಪ್ಪತ್ತರ ಹತ್ತಿರ. ನಲವತ್ತು ವರ್ಷ ಬಿಸಿನೀರಿನ ಬೇಸಿನ್ ಮುಂದೆ ಕೂತು, ಬೆಂದ ಗೂಡಿನಿಂದ ಎಳೆ ಹಿಡಿದವರು. ಶ್ವಾಸಕೋಶ ಹಾಳಾಗಿ ಎರಡು ವರ್ಷದಿಂದ ಹಗಲೂ ರಾತ್ರಿ ಮಷೀನಿನ ಆಕ್ಸಿಜನ್ನೇ ಗತಿ. ಮಷೀನನ್ನು ಕೊರೋನಾ ಮುಗಿದ ಮೇಲೆ ಯಾರೋ ಮಾರುತ್ತಿದ್ದಾಗ ಸೆಕೆಂಡ್ ಹ್ಯಾಂಡ್ ಕೊಂಡಿದ್ದರಂತೆ.

“ಇದು ಇಲ್ದೆ ಅಮ್ಮ ಎಷ್ಟೊತ್ತು ಇರ್ತಾರೆ ಭಾಯ್?”

“ಇರಕ್ಕಾಗಲ್ಲ. ಮಸೀದಿ ಕಮಿಟಿಯವ್ರ ಹತ್ರ ಒಂದು ಚಿಕ್ಕ ಸಿಲಿಂಡ್ರು ಈಸ್ಕೊಂಡು ಇಟ್ಟಿದೀನಿ. ಸಾಯಂಕಾಲದ ತಂಕ ಬತ್ತೈತೆ, ಅಷ್ಟೇ.”

ಕೊರೋನಾ ಕಾಲದಲ್ಲಿ ಇಂಥ ನಾಲ್ಕು ಮಷೀನುಗಳನ್ನು ರಿಪೇರಿ ಮಾಡಿದ್ದೆ. ಆಗ ಬೇರೆ ಯಾರೂ ಸಿಗದೆ ನನ್ನ ಬಳಿ ತಂದಿದ್ದರು, ಅದರಿಂದ ಒಂದಿಷ್ಟು ಹೆಸರೂ ಬಂದಿತ್ತು, ಒಂದಿಷ್ಟು ಜಂಬವೂ. ಒಳಗಿನ ಕೆಲಸ ಕಷ್ಟದ್ದೇನಲ್ಲ. ಮಷೀನು ಕೋಣೆಯ ಗಾಳಿಯನ್ನೇ ಎಳೆದುಕೊಳ್ಳುತ್ತದೆ. ಕಂಪ್ರೆಸರ್ ಆ ಗಾಳಿಯನ್ನು ಬಿಳಿ ಹರಳು ತುಂಬಿದ ಎರಡು ಡಬ್ಬಿಗಳೊಳಗೆ ಒತ್ತುತ್ತದೆ. ಹರಳು ನೈಟ್ರೋಜನ್ ಹಿಡಿದಿಟ್ಟುಕೊಂಡು ಆಕ್ಸಿಜನ್ ಹೊರಬಿಡುತ್ತದೆ. ಹೊರಬರುವ ಗಾಳಿಯಲ್ಲಿ ಆಕ್ಸಿಜನ್ ಕಡಿಮೆಯಾದರೆ ಸೆನ್ಸರ್ ಗುರುತಿಸಿ ಹಸಿರು ದೀಪ ಆರಿಸಿ, ಹಳದಿ ಹಚ್ಚಿ, ಕೂಗಿಸುತ್ತದೆ. ಆ ಹರಳಿಗೆ ಇರುವ ದೊಡ್ಡ ಶತ್ರು ನೀರಿನ ಪಸೆ. ಇದೆಲ್ಲ ನನಗೆ ಚೆನ್ನಾಗಿ ಗೊತ್ತಿತ್ತು. ಗೊತ್ತಿರಲಿಲ್ಲ ಎಂದು ಹೇಳಿಕೊಳ್ಳಲು ಇವತ್ತಿಗೂ ನನಗೆ ದಾರಿಯಿಲ್ಲ.

ಕವಚ ಬಿಚ್ಚಿ ಫಿಲ್ಟರ್ ತೆಗೆದೆ. ಹಳದಿ ಬಣ್ಣದ ಜಿಗುಟು ಗಟ್ಟಿಯಾಗಿ ಮೆತ್ತಿಕೊಂಡಿತ್ತು, ಬೆಂದ ರೇಷ್ಮೆಹುಳುವಿನ ನಾತ ಮೂಗಿಗೆ ಬಡಿಯಿತು. ಆ ನಾತದ ಬಗ್ಗೆ ನಾನು ಏನನ್ನೂ ಯೋಚಿಸಲಿಲ್ಲ. ನೂಲು ಬಿಚ್ಚುವವರ ಆ ಓಣಿಯಿಂದ ಬರುವ ಟಿವಿಯೂ ಹಾಗೇ ನಾರುತ್ತದೆ, ಮಿಕ್ಸಿಯೂ ಹಾಗೇ ನಾರುತ್ತದೆ. ರಾಮನಗರದಲ್ಲಿ ಹುಟ್ಟಿ ಬೆಳೆದವರ ಮೂಗಿಗೆ ಅದು ವಾಸನೆಯೇ ಅಲ್ಲ. ಬೇರೆ ಊರಿನ ಮೆಕ್ಯಾನಿಕ್ ಆಗಿದ್ದರೆ ಮೂಗು ಮುಚ್ಚಿಕೊಂಡು ‘ಇದನ್ನ ಎಲ್ಲಿ ಇಟ್ಟಿದ್ರಿ ಮಾರಾಯರೇ’ ಎಂದು ಕೇಳುತ್ತಿದ್ದ. ನಾನು ಕೇಳಲಿಲ್ಲ. ಹೊಸ ಫಿಲ್ಟರ್ ಹಾಕಿದೆ, ಟ್ಯೂಬುಗಳ ಕ್ಲಿಪ್ಪು ಬಿಗಿ ಮಾಡಿದೆ, ಸೆನ್ಸರ್ ಬೋರ್ಡಿನ ಪಿನ್ನುಗಳನ್ನು ತಿಕ್ಕಿ ತೊಳೆದೆ. ನಿಮಿಷಕ್ಕೆ ಎರಡು ಲೀಟರ್ ಬರುವಂತೆ ಇಟ್ಟು ನಾಲ್ಕು ಗಂಟೆ ಓಡಿಸಿದೆ. ಹಸಿರು ದೀಪ ಕದಲಲಿಲ್ಲ. ಸಂಜೆಯೊಳಗೆ ಆಟೋದಲ್ಲಿ ವಾಪಸ್ ಕಳಿಸಿದೆ.

ಮಾರನೆಯ ದಿನ ಮಧ್ಯಾಹ್ನ ಫೋನು ಬಂತು. ಮತ್ತೆ ಕೂಗುತ್ತಿದೆ. ಬುಧವಾರ ಮತ್ತೆ ತಂದರು. ಈ ಸಲ ಕಂಪ್ರೆಸರಿನ ಪ್ರೆಶರ್ ನೋಡಿದೆ, ಗಾಳಿ ಅತ್ತಿತ್ತ ತಿರುಗಿಸುವ ವಾಲ್ವ್ ಬಿಚ್ಚಿ ನೋಡಿದೆ, ಸೋಪಿನ ನೊರೆ ಹಚ್ಚಿ ಎಲ್ಲಾದರೂ ಸೋರಿಕೆ ಇದೆಯೇ ಎಂದು ಒಂದೊಂದು ಕೀಲನ್ನೂ ಪರೀಕ್ಷಿಸಿದೆ. ಎಲ್ಲ ಸರಿ. ಇಡೀ ದಿನ ಓಡಿತು, ಹಸಿರು ಹಸಿರಾಗಿಯೇ ಇತ್ತು. ಡಾಕ್ಟರ ಎದುರು ಹೊಟ್ಟೆನೋವು ಮಾಯವಾಗುವ ಸ್ಕೂಲ್ ಹುಡುಗನ ಹಾಗೆ ಇದು ಎಂದು ನಾನು ತಮಾಷೆ ಮಾಡಿದೆ. ರೀಲರ್ ನಗಲಿಲ್ಲ.

“ಅಣ್ಣ, ಒಂದ್ಸಲ ಮನೆಗೆ ಬಂದು ನೋಡಿ. ಇಲ್ಲಿ ಸುಮ್ಮನಿರ್ತೈತೆ, ಅಲ್ಲಿಗೋದ್ರೆ ಕೂಗ್ತೈತೆ.”

“ಮನೆಗೆ ಬಂದು ಏನ್ ನೋಡ್ಲಿ ಭಾಯ್? ಅಲ್ಲಿಗೆ ಬಂದ್ರೆ ನಂಗೆ ಬೇರೆ ಕಣ್ ಬತ್ತವಾ? ಮೀಟ್ರೆಲ್ಲ ಇಲ್ಲೇ ಅವೆ, ನಾನ್ ಅಲ್ಲಿ ಕೂತು ಟೀ ಕುಡೀಬೇಕು ಅಷ್ಟೇ.”

ಅವರು ಮಷೀನಿಗೆ ರಗ್ಗು ಸುತ್ತಿ ಆಟೋಗೆ ಎತ್ತಿಟ್ಟರು. ಅವರು ಜಗಳ ಆಡಿದ್ದರೆ ನಾನು ಹೋಗುತ್ತಿದ್ದೆನೇನೋ, ಗೊತ್ತಿಲ್ಲ.

ಅಂದೇ ಸಂಜೆ ಚನ್ನಪಟ್ಟಣದ ಗೆಳೆಯನಿಗೆ ಫೋನು ಮಾಡಿದೆ. ನಾವಿಬ್ಬರೂ ಒಬ್ಬರ ಬಳಿಯೇ ಕೆಲಸ ಕಲಿತವರು. ಅವನು ಅಂಗಡಿ ಇಡಲೇ ಇಲ್ಲ. ಬೈಕಿನ ಬ್ಯಾಗೇ ಅವನ ಅಂಗಡಿ, ದೊಡ್ಡಮಳೂರಿನಿಂದ ಆಚೆ ಹಳ್ಳಿಗಳ ತನಕ ಮನೆಮನೆಗೆ ಹೋಗಿ ರಿಪೇರಿ ಮಾಡುತ್ತಾನೆ. ‘ಬಾಗಿಲು ಬಡಿಯೋ ಮೆಕ್ಯಾನಿಕ್’ ಎಂದು ನಾನು ಅವನನ್ನು ಛೇಡಿಸುತ್ತಿದ್ದೆ. ಅವನು ನನ್ನನ್ನು ‘ಗೂಟದ ಎಮ್ಮೆ’ ಅನ್ನುತ್ತಿದ್ದ. ವಿಷಯ ಕೇಳಿ ಅವನು ಒಂದೇ ಮಾತು ಹೇಳಿದ.

“ಎರಡ್ಸಲ ಅಂಗಡೀಲಿ ಸರಿ, ಎರಡ್ಸಲ ಮನೇಲಿ ಕೆಟ್ಟದ್ದು ಅಂದ್ರೆ ಕೆಟ್ಟಿರೋದು ಮಷೀನಲ್ಲ ಕಣ್ಲಾ, ಮನೆ. ಎದ್ದು ಹೋಗ್ಲಾ ಒಂದ್ಸಲ.”

“ನಿಂಗೆ ಯಾವಾಗ್ಲೂ ಊರು ಸುತ್ತೋದೇ ಚಿಂತೆ,” ಎಂದು ಫೋನಿಟ್ಟೆ. ಅವನು ಹೇಳಿದ್ದು ಸರಿ ಎಂದು ಅನ್ನಿಸಿತ್ತು. ಅವನು ಹೇಳಿದ ಎಂಬ ಒಂದೇ ಕಾರಣಕ್ಕೆ ಒಪ್ಪಿಕೊಳ್ಳಲು ಮನಸ್ಸಾಗಲಿಲ್ಲ.

ಶುಕ್ರವಾರ ಬೆಳಿಗ್ಗೆ ಮೂರನೆಯ ಸಲ ಆಟೋ ಬಂದು ನಿಂತಿತು. ಸಿಲಿಂಡರನ್ನು ಕಮಿಟಿಯವರು ಇನ್ನೊಂದು ಮನೆಗೆ ಕೊಡಬೇಕಾಗಿತ್ತು, ಒಂದೆರಡು ಗಂಟೆಗಿಂತ ಹೆಚ್ಚು ಇಟ್ಟುಕೊಳ್ಳುವಂತಿರಲಿಲ್ಲ. ರೀಲರ್ ಕೂರಲಿಲ್ಲ, ಬಾಗಿಲ ಬಳಿಯೇ ನಿಂತರು. ಮಷೀನು ಹಚ್ಚಿದೆ, ಹಸಿರು. ಅರ್ಧ ಗಂಟೆ ಕಾದೆ, ಹಸಿರೇ. ನನಗೆ ಸಿಟ್ಟು ಬಂತು. ಮಷೀನಿನ ಮೇಲೋ, ಅವರ ಮೇಲೋ, ಗೆಳೆಯನ ಮೇಲೋ ತಿಳಿಯದು.

ಟಿವಿ ಕೆಲಸದಲ್ಲಿ ನಾವು ಮಾಡುವ ಒಂದು ಉಪಾಯವಿದೆ. ಸೆಟ್ಟಿನೊಳಗೆ ಎಲ್ಲೋ ಹೆಚ್ಚುಕಡಿಮೆ ಆದರೆ ತಾನಾಗಿ ಆಫ್ ಆಗುವಂತೆ ಒಂದು ರಕ್ಷಣೆಯ ಲೈನ್ ಇರುತ್ತದೆ. ಕೆಲವು ಸಲ ಏನೂ ಕೆಟ್ಟಿರುವುದಿಲ್ಲ, ಆ ಲೈನೇ ಸುಮ್ಮನೆ ಗಾಬರಿ ಬೀಳುತ್ತಿರುತ್ತದೆ. ಆಗ ಒಂದು ಚೂರು ವೈರಿನಿಂದ ಜಂಪರ್ ಹಾಕಿ ಅದನ್ನು ದಾಟಿಸಿಬಿಡುತ್ತೇವೆ. ಟಿವಿ ವರ್ಷಗಟ್ಟಲೆ ಓಡುತ್ತದೆ, ಗಿರಾಕಿ ಖುಷಿಯಾಗಿರುತ್ತಾನೆ. ನೂರಾರು ಸೆಟ್ಟುಗಳಿಗೆ ಮಾಡಿದ್ದೇನೆ. ಈ ಮಷೀನಿನಲ್ಲೂ ಸೆನ್ಸರ್ ಬೋರ್ಡಿನಿಂದ ಮೇನ್ ಬೋರ್ಡಿಗೆ ಹೋಗುವ ಒಂದು ಲೈನಿತ್ತು. ಆಕ್ಸಿಜನ್ ಸರಿಯಿದೆ, ಇಲ್ಲ ಎಂಬ ಸುದ್ದಿ ಅದರಲ್ಲೇ ಹೋಗುತ್ತದೆ. ಬೆರಳುದ್ದದ ಕೆಂಪು ವೈರು ಕತ್ತರಿಸಿಕೊಂಡೆ, ಎರಡು ತುದಿಗೆ ಬೆಸುಗೆ ಹಾಕಿದೆ. ಇನ್ನು ಸೆನ್ಸರ್ ಏನೇ ಹೇಳಲಿ, ಮೇನ್ ಬೋರ್ಡಿಗೆ ‘ಎಲ್ಲ ಸರಿ’ ಎಂದೇ ಕೇಳಿಸುತ್ತದೆ. ಕೆಲಸ ನಾಲ್ಕು ನಿಮಿಷದ್ದು.

“ಸೆನ್ಸರ್ ಸರಿ ಮಾಡಿದೀನಿ ಭಾಯ್. ಇನ್ ಕೂಗಲ್ಲ, ನಿಶ್ಚಿಂತೆಯಾಗಿ ತಗೊಂಡೋಗಿ,” ಅಂದೆ.

ಅವರ ಮುಖದಲ್ಲಿ ಆ ವಾರದಲ್ಲೇ ಮೊದಲ ಸಲ ಸಮಾಧಾನ ಕಂಡಿತು. ಎರಡು ಕೈಯಲ್ಲೂ ನನ್ನ ಕೈ ಹಿಡಿದುಕೊಂಡು ಹೋದರು.

ಆಮೇಲೆ ಶನಿವಾರ ಫೋನಿಲ್ಲ, ಭಾನುವಾರ ಇಲ್ಲ, ಸೋಮವಾರವೂ ಇಲ್ಲ. ಗೆಳೆಯನಿಗೆ ನಾನೇ ಫೋನು ಮಾಡಿ ‘ನೋಡ್ಲಾ, ಮನೆ ಕೆಟ್ಟೈತೆ ಅಂದ್ಯಲ್ಲ, ಅಂಗಡೀಲೇ ಸರಿ ಮಾಡಿ ಕಳಿಸ್ದೆ’ ಎಂದು ಜಂಬ ಕೊಚ್ಚಿದೆ. ಹೇಗೆ ಸರಿ ಮಾಡಿದೆ ಎಂದು ಅವನು ಕೇಳಿದ. ಸೆನ್ಸರ್ ಎಂದಷ್ಟೇ ಹೇಳಿ ಮಾತು ತಿರುಗಿಸಿದೆ.

ಗುರುವಾರ ಹನ್ನೊಂದು ಗಂಟೆಯ ಹೊತ್ತಿಗೆ ಬುರ್ಖಾ ತೊಟ್ಟ ಹೆಂಗಸೊಬ್ಬರು ಅಂಗಡಿಗೆ ಬಂದರು. ರೀಲರ್ ಅವರ ಹೆಂಡತಿ ಎಂದು ಅವರೇ ಹೇಳಿಕೊಂಡರು. ಕರವಸ್ತ್ರದಲ್ಲಿ ಸುತ್ತಿದ್ದ ಸಣ್ಣದೊಂದು ವಸ್ತುವನ್ನು ಬೆಂಚಿನ ಮೇಲಿಟ್ಟರು. ಬೆರಳಿಗೆ ಸಿಕ್ಕಿಸಿ ರಕ್ತದಲ್ಲಿ ಆಕ್ಸಿಜನ್ ಎಷ್ಟಿದೆ ಎಂದು ನೋಡುವ ಮೀಟರು ಅದು.

“ಅಣ್ಣ, ಇದೂ ಕೆಟ್ಟೋಗೈತೆ. ಒಸಿ ನೋಡ್ಕೊಡಿ.”

“ಏನಾಗೈತಮ್ಮ?”

“ಅಮ್ಮಿ ಬೆರಳಿಗಾಕಿದ್ರೆ ಎಪ್ಪತ್ತೆಂಟು, ಎಪ್ಪತ್ತಾರು ಅಂತ ತೋರಿಸ್ತೈತೆ. ಮುಂಚೆ ತೊಂಬತ್ತೊಂದು, ತೊಂಬತ್ತೆರಡು ಇರ್ತಿತ್ತು. ಮಷೀನಲ್ಲಿ ಹಸಿರು ಲೈಟು ಉರೀತಾನೇ ಐತೆ, ನೀವ್ ಸರಿ ಮಾಡಿಕೊಟ್ಮೇಲೆ ಒಂದ್ಸಲಾನೂ ಕೂಗಿಲ್ಲ. ಅದುಕ್ಕೆ ಇದೇ ಕೆಟ್ಟಿರ್ಬೇಕು ಅಂದ್ರು ನಮ್ಮನೆಯವ್ರು. ಸೆಲ್ಲೂ ಬದಲಾಯಿಸಿ ನೋಡಿದ್ವಿ.”

ಮೀಟರನ್ನು ನನ್ನ ಬೆರಳಿಗೆ ಸಿಕ್ಕಿಸಿಕೊಂಡೆ. ಕೆಂಪು ಬೆಳಕು ಮಿನುಗಿತು, ಅಂಕಿ ನಿಂತಿತು. ತೊಂಬತ್ತೆಂಟು. ತೆಗೆದು ಇನ್ನೊಂದು ಬೆರಳಿಗೆ ಹಾಕಿದೆ. ತೊಂಬತ್ತೆಂಟೇ. ಆ ಮೀಟರು ಕೆಟ್ಟಿರಲಿ ಎಂದು ನಾನು ಬೇಡಿಕೊಂಡಷ್ಟು ಜೀವಮಾನದಲ್ಲಿ ಯಾವ ವಸ್ತುವೂ ಕೆಟ್ಟಿರಲಿ ಎಂದು ಬೇಡಿಕೊಂಡಿಲ್ಲ.

“ಅಮ್ಮ ಹೆಂಗವ್ರೆ?”

“ಮಂಕಾಗವ್ರೆ. ಎರಡು ದಿನದಿಂದ ಊಟ ಬ್ಯಾಡ ಅಂತಾರೆ. ತುಟಿ ಒಂಥರಾ ಆಗೈತೆ.”

ಸ್ಕ್ರೂಡ್ರೈವರ್, ಕಟ್ಟರ್, ಮಲ್ಟಿಮೀಟರ್ ಇಷ್ಟನ್ನು ಕೈಗೆ ಸಿಕ್ಕ ಚೀಲಕ್ಕೆ ತುರುಕಿದೆ. ಅಂಗಡಿಯ ಷಟರ್ ಅರ್ಧಕ್ಕೆ ಎಳೆದು, ಬೀಗವನ್ನೂ ಹಾಕದೆ, ಅವರನ್ನು ಆಟೋದಲ್ಲಿ ಬರಲು ಹೇಳಿ ನಾನು ಸ್ಕೂಟರಿನಲ್ಲಿ ಹೊರಟೆ. ದಾರಿಯಲ್ಲೇ ನಿಂತು ನೂರಾ ಎಂಟಕ್ಕೆ ಫೋನು ಮಾಡಿ, ವಿಳಾಸಕ್ಕೆ ಓಣಿಯ ಹೆಸರಷ್ಟೇ ಹೇಳಿದೆ. ಮನೆ ಯಾವುದು ಎಂದು ನನಗೇ ಗೊತ್ತಿರಲಿಲ್ಲ. ಓಣಿಯ ತುದಿಯಲ್ಲಿ ಕೇಳಿಕೊಂಡು ಹೋದೆ.

ಒಳಗೆ ಕಾಲಿಟ್ಟು ನಿಂತಲ್ಲೇ ಎಲ್ಲ ತಿಳಿಯಿತು. ಅದಕ್ಕೆ ಮೀಟರು ಬೇಕಿರಲಿಲ್ಲ.

ತಾಯಿಯ ಮಂಚವಿದ್ದದ್ದು ಹಿಂದಿನ ಕೋಣೆಯಲ್ಲಿ. ಕೋಣೆಗೆ ಇದ್ದದ್ದು ಒಂದೇ ಕಿಟಕಿ, ಅದು ತೆರೆಯುತ್ತಿದ್ದದ್ದು ನೂಲು ಬಿಚ್ಚುವ ಶೆಡ್ಡಿಗೆ. ಎಳೆ ತುಂಡಾದರೆ ಮಂಚದಿಂದಲೇ ನೋಡಿ ಕೆಲಸದವರನ್ನು ಎಚ್ಚರಿಸಬಹುದು ಎಂದು ತಾಯಿಯೇ ಕೇಳಿ ಇಡಿಸಿಕೊಂಡ ಕಿಟಕಿಯಂತೆ. ಆಚೆ ಬದಿಯಲ್ಲಿ ಸಾಲಾಗಿ ಬೇಸಿನ್‌ಗಳು ಕುದಿಯುತ್ತಿದ್ದವು. ಚಳಿಗಾಲವಾದ್ದರಿಂದ ಶೆಡ್ಡಿನ ಹೊರಬಾಗಿಲು ಮುಚ್ಚಿದ್ದರು. ಹಬೆಗೆ ಹೋಗಲು ಬೇರೆ ದಾರಿಯಿಲ್ಲದೆ ಈ ಕಿಟಕಿಯಿಂದ ಒಳಗೆ ಬರುತ್ತಿತ್ತು. ಮೂರು ಪಿನ್ನಿನ ಒಳ್ಳೆಯ ಪ್ಲಗ್ಗು ಕೋಣೆಯಲ್ಲಿ ಇದ್ದದ್ದು ಆ ಕಿಟಕಿಯ ಕೆಳಗೆ ಮಾತ್ರ. ಮಷೀನು ಅಲ್ಲೇ ನಿಂತು ಹಗಲೆಲ್ಲ ಆ ಹಬೆಯನ್ನೇ ಎಳೆದುಕೊಳ್ಳುತ್ತಿತ್ತು. ಗೋಡೆಯ ಮೇಲೆ ನೀರು ಹನಿಗಟ್ಟಿ ಇಳಿಯುತ್ತಿತ್ತು. ಮಷೀನಿನ ಮೇಲೆ ನನ್ನ ಹಸಿರು ದೀಪ ಉರಿಯುತ್ತಿತ್ತು.

ಮಂಚದ ಮೇಲಿನ ತಾಯಿ ಬಾಯಿ ತೆರೆದುಕೊಂಡು ಮಲಗಿದ್ದರು. ತುಟಿ ನೇರಳೆ ಬಣ್ಣಕ್ಕೆ ತಿರುಗಿತ್ತು. ನಾನು ಕರೆದರೆ ಕಣ್ಣು ತೆರೆದರು, ನೋಟ ಮಾತ್ರ ಎಲ್ಲೂ ನಿಲ್ಲಲಿಲ್ಲ.

“ಒಲೆ ಆರಿಸಿ ಭಾಯ್, ಎಲ್ಲಾ ಆರಿಸ್ಬುಡಿ. ಹೊರಗಿನ ಬಾಗ್ಲು ತೆಗೀರಿ,” ಎಂದು ಕೂಗಿದೆ. ರೀಲರ್ ಯಾಕೆ ಎಂದು ಕೇಳದೆ ಶೆಡ್ಡಿಗೆ ಓಡಿದರು. ಕಿಟಕಿ ಮುಚ್ಚಿದೆ. ಮಷೀನನ್ನು ಮುಂದಿನ ಕೋಣೆಗೆ ಎಳೆದುಕೊಂಡು ಹೋಗಿ, ಬೀದಿಬಾಗಿಲ ಬಳಿ ಇಟ್ಟು, ಎಕ್ಸ್‌ಟೆನ್ಷನ್ ಹಾಕಿ ಹಚ್ಚಿದೆ. ಅಷ್ಟರಲ್ಲಿ ಸೊಸೆಯೂ ಬಂದಿದ್ದರು. ಶೆಡ್ಡಿನ ಇಬ್ಬರು ಕೆಲಸದವರು ಬಂದು, ಎಲ್ಲರೂ ಸೇರಿ ತಾಯಿಯನ್ನು ಹಾಸಿಗೆ ಸಮೇತ ಅಲ್ಲಿಗೆ ತಂದೆವು. ಬೆರಳಿನ ಮೀಟರು ಎಪ್ಪತ್ತಾರು ತೋರಿಸುತ್ತಿತ್ತು. ಹತ್ತು ನಿಮಿಷದ ಮೇಲೆ ಎಪ್ಪತ್ತೊಂಬತ್ತು.

ಆಂಬುಲೆನ್ಸ್ ಇನ್ನೂ ಬಂದಿರಲಿಲ್ಲ. ರೀಲರ್ ಅದನ್ನು ನೋಡಲು ಓಣಿಯ ತುದಿಗೆ ಹೋಗಿದ್ದರು, ಸೊಸೆ ತಾಯಿಯ ಅಂಗಾಲು ತಿಕ್ಕುತ್ತಿದ್ದರು. ನಾನು ಓಡುತ್ತಿದ್ದ ಮಷೀನಿನ ಕವಚ ಬಿಚ್ಚಿ ಕೂತಿದ್ದೆ. ಆ ಕೆಂಪು ವೈರನ್ನು ಕತ್ತರಿಸಿ ಜೇಬಿಗೆ ಹಾಕಿಕೊಂಡರೆ ಮುಗಿಯಿತು, ಈ ಲೋಕದಲ್ಲಿ ಯಾರಿಗೂ ತಿಳಿಯುವುದಿಲ್ಲ. ಮಷೀನು ಆಗ ಕೂಗುತ್ತದೆ, ‘ಈಗ ಕೈಕೊಡ್ತು ನೋಡಿ’ ಎಂದರೆ ನಂಬುತ್ತಾರೆ. ಸಂಸಾರ, ಅಂಗಡಿ, ಪೊಲೀಸು ಎಲ್ಲ ತಲೆಯಲ್ಲಿ ಹಾದುಹೋಯಿತು. ಕಟ್ಟರನ್ನು ಎರಡು ಸಲ ವೈರಿಗೆ ಒಯ್ದು ಎರಡು ಸಲ ಹಿಂದಕ್ಕೆ ತಂದೆ. ನಾನು ಒಳ್ಳೆಯವನು ಎಂದು ಹೇಳಿಕೊಳ್ಳಲು ಇದನ್ನು ಬರೆಯುತ್ತಿಲ್ಲ, ಹೆದರಿದ್ದೆ. ಅಂಗಡಿಯ ಬೆಂಚಿನ ಮೇಲಾಗಿದ್ದರೆ ಖಂಡಿತ ಕತ್ತರಿಸಿ ಎಸೆಯುತ್ತಿದ್ದೆ. ಇಲ್ಲಿ ಒಂದು ಮೊಳ ದೂರದಲ್ಲಿ ಆ ತಾಯಿಯ ಎದೆ ಏಳುತ್ತಾ ಬೀಳುತ್ತಾ ಇತ್ತು.

ರೀಲರ್ ಒಳಗೆ ಬಂದಾಗ ಅವರನ್ನು ಹತ್ತಿರ ಕರೆದೆ. ವೈರು ತೋರಿಸಿ, ಅವರು ನೋಡುತ್ತಿರುವಾಗಲೇ ಕತ್ತರಿಸಿದೆ. ಹಸಿರು ಆರಿತು, ಹಳದಿ ಹತ್ತಿತು, ಮಷೀನು ಮನೆ ಹಾರಿಹೋಗುವಂತೆ ಕೂಗಿತು.

“ಇದು ಆರು ದಿನದಿಂದ ಕೂಗ್ಬೇಕಾಗಿತ್ತು ಭಾಯ್. ನಾನೇ ಬಾಯಿ ಕಟ್ಟಿದ್ದೆ.”

“ಸೆನ್ಸರ್ ಸರಿ ಮಾಡಿದೀನಿ ಅಂದ್ರಲ್ಲ?”

“ಮಾಡಿರ್ಲಿಲ್ಲ. ಸುಳ್ಳು ಹೇಳ್ದೆ.”

ಅವರು ಹೊಡೆಯುತ್ತಾರೆ ಎಂದುಕೊಂಡೆ, ಹೊಡೆದರೆ ಹಗುರಾಗುತ್ತಿದ್ದೆ. ಅವರು ವೈರನ್ನು ನೋಡಿದರು, ನನ್ನನ್ನು ನೋಡಿದರು. ಆಮೇಲೆ ಆಂಬುಲೆನ್ಸಿನ ಸದ್ದು ಕೇಳಿ ತಾಯಿಯ ತಲೆಯ ಕೆಳಗೆ ಕೈ ಕೊಟ್ಟು ಎತ್ತಿದರು.

ಆಸ್ಪತ್ರೆಯಲ್ಲಿ ತಾಯಿ ಹನ್ನೊಂದು ದಿನ ಇದ್ದರು. ನಾನು ದಿನಾ ಹೋಗಿ ವಾರ್ಡಿನ ಹೊರಗೆ ನಿಂತು ಬರುತ್ತಿದ್ದೆ. ರೀಲರ್ ನನ್ನೊಡನೆ ಮಾತಾಡಲಿಲ್ಲ. ಬರಬೇಡಿ ಎಂದೂ ಹೇಳಲಿಲ್ಲ. ಡಾಕ್ಟರು ಅವರಿಗೆ ಹೇಳಿದ್ದನ್ನು ಸೊಸೆಯ ಬಾಯಿಂದ ಕೇಳಿದೆ. ಜೀವ ಉಳಿದಿದೆ, ಆದರೆ ಆ ಒಂದು ವಾರದಲ್ಲಿ ಹೋದ ಶಕ್ತಿ ವಾಪಸ್ ಬರುವುದಿಲ್ಲ, ಇನ್ನು ಹೆಚ್ಚು ದಿನ ನಿರೀಕ್ಷೆ ಇಟ್ಟುಕೊಳ್ಳಬೇಡಿ ಎಂದಿದ್ದರಂತೆ. ಚನ್ನಪಟ್ಟಣದ ಗೆಳೆಯ ವಿಷಯ ತಿಳಿದು ಬೈಕಿನಲ್ಲಿ ಬಂದ.

“ಯಾಕ್ಲಾ ಹೇಳಕ್ಕೋದೆ? ಕೇಸಾಕಿದ್ರೆ ಏನ್ ಮಾಡ್ತೀಯ?” ಎಂದು ಬೈದ. ಆಮೇಲೆ ಮೆಲ್ಲಗೆ, “ನಾನಾಗಿದ್ರೆ ಹೇಳ್ತಿರ್ಲಿಲ್ಲ ಕಣ್ಲಾ,” ಅಂದ. ಬೆಂಗಳೂರಿಗೆ ಹೋಗಿ, ಮಷೀನಿನಿಂದ ಬರುವ ಗಾಳಿಯಲ್ಲಿ ಆಕ್ಸಿಜನ್ ಎಷ್ಟಿದೆ ಎಂದು ಅಳೆಯುವ ಮೀಟರು ತಂದುಕೊಟ್ಟವನೂ ಅವನೇ.

ತಾಯಿ ಇನ್ನೂ ಆಸ್ಪತ್ರೆಯಲ್ಲಿ ಇದ್ದಾಗ ಒಂದು ದಿನ ರೀಲರ್ ಮುಂದೆ ಹೋಗಿ ನಿಂತು, ನಿಮ್ಮ ಮನೆಯಲ್ಲಿ ಬೆಳಿಗ್ಗೆಯಿಂದ ಸಂಜೆಯವರೆಗೆ ಕೂರಲು ಬಿಡಿ ಎಂದು ಕೇಳಿಕೊಂಡೆ. ತಲೆಯಾಡಿಸಿದರು. ಮಷೀನನ್ನು ಹಳೆಯ ಜಾಗದಲ್ಲೇ, ಕಿಟಕಿಯ ಕೆಳಗೇ ಇಟ್ಟು ಹಚ್ಚಿದೆ. ಒಲೆ ಹಚ್ಚುವ ಮುಂಚೆ ಹೊರಬರುವ ಗಾಳಿಯಲ್ಲಿ ಆಕ್ಸಿಜನ್ ನೂರಕ್ಕೆ ಅರವತ್ತೊಂದು. ತೊಂಬತ್ತರ ಮೇಲಿರಬೇಕಾದದ್ದು. ಬೇಸಿನ್‌ಗಳು ಕುದಿಯತೊಡಗಿದ ಮೇಲೆ ಐವತ್ತೆರಡು. ಶೆಡ್ಡಿನ ಮೋಟಾರುಗಳು ಸ್ಟಾರ್ಟ್ ಆದಾಗ ಮನೆಯ ಕರೆಂಟು ನೂರಾ ಎಂಬತ್ತೈದು ವೋಲ್ಟಿಗೆ ಕುಸಿಯಿತು, ಕಂಪ್ರೆಸರಿನ ಸದ್ದು ಗಂಟಲು ಹಿಡಿದಂತಾಯಿತು, ಮಧ್ಯಾಹ್ನದ ಹೊತ್ತಿಗೆ ನಲವತ್ತೆಂಟು. ಅಂಗಡಿಯಲ್ಲಿ ಒಣಗಾಳಿಯಿತ್ತು, ಸ್ಟೆಬಿಲೈಸರ್ ಇತ್ತು. ಮೊದಲ ವಾರ ಹರಳು ಪೂರ್ತಿ ಹಾಳಾಗಿರಲಿಲ್ಲ, ಅಲ್ಲಿಗೆ ಬಂದರೆ ಹೇಗೋ ಚೇತರಿಸಿಕೊಂಡು ಹಸಿರು ದೀಪದ ಗೆರೆ ದಾಟುತ್ತಿತ್ತು. ಮನೆಯಲ್ಲಿ ಅದು ಕೂಗಿದ ಪ್ರತಿ ಸಲವೂ ನಿಜವನ್ನೇ ಕೂಗಿತ್ತು. ನಾನು ಬಾಯಿ ಕಟ್ಟಿದ ಮೇಲೆ, ಆರು ದಿನದ ಹಬೆ ಉಳಿದ ಹರಳನ್ನೂ ತಿಂದುಹಾಕಿತು. ಒಂದು ಕಾಗದದಲ್ಲಿ ಹೊತ್ತು, ಅಂಕಿ ಎಲ್ಲ ಬರೆದು ರೀಲರ್ ಕೈಗೆ ಕೊಟ್ಟೆ. ಅವರು ಓದಿ ಮಡಚಿಟ್ಟುಕೊಂಡರು.

“ಹೊಸ ಹರಳಿನ ಡಬ್ಬಿ ತರಿಸ್ತೀನಿ. ಅಂಗಡಿಗೆ ತಗೊಂಡೋಗಿ ಹಾಕಿ ತಂದ್ಕೊಡ್ತೀನಿ,” ಅಂದೆ.

“ಬ್ಯಾಡ,” ಅಂದರು. ಅವತ್ತಿನಿಂದ ಅವರು ನನಗೆ ಆಡಿದ ಮೊದಲ ಮಾತು ಅದು. “ಅಂಗಡಿಗೆ ಹೋಗೋದು ಬ್ಯಾಡ. ಇಲ್ಲೇ ಕೂತ್ಕೊಂಡು ಮಾಡಿ. ಏನೇನ್ ಮಾಡ್ತೀರಿ ಅಂತ ನಾನ್ ನೋಡ್ಬೇಕು.”

ತಾಯಿ ಮನೆಗೆ ಬಂದ ದಿನ ಆಸ್ಪತ್ರೆಯಿಂದ ಸಿಲಿಂಡರ್ ಕೊಟ್ಟಿದ್ದರು. ಮಂಚವನ್ನು ಬೀದಿಬಾಗಿಲ ಕೋಣೆಗೆ ಹಾಕಿದ್ದರು. ಹಿಂದಿನ ಕಿಟಕಿಗೆ ಇಟ್ಟಿಗೆ ಕಟ್ಟಿಸಿದ್ದರು. ನಾನು ನೆಲದ ಮೇಲೆ ಟವೆಲ್ ಹಾಸಿ ಕೂತು ಮಷೀನು ಬಿಚ್ಚಿದೆ. ರೀಲರ್ ಎದುರಿಗೆ ಸ್ಟೂಲಿನ ಮೇಲೆ ಕೂತರು, ಸೊಸೆ ತಾಯಿಯ ತಲೆಯ ಬಳಿ. ಒಂದೊಂದು ಸ್ಕ್ರೂ ತೆಗೆಯುವಾಗಲೂ ಇದು ಯಾವುದು, ಯಾಕೆ ತೆಗೆಯುತ್ತಿದ್ದೇನೆ ಎಂದು ಹೇಳಿ ತೆಗೆದೆ. ಹಳೆಯ ಡಬ್ಬಿಯ ಮುಚ್ಚಳ ಬಿಚ್ಚಿ ಹರಳನ್ನು ಕಾಗದದ ಮೇಲೆ ಸುರಿದೆ. ಉದುರುದುರಾಗಿ ಇರಬೇಕಾದದ್ದು ಒದ್ದೆ ರಾಗಿಹಿಟ್ಟಿನಂತೆ ಗಂಟುಗಂಟಾಗಿ ಬಿತ್ತು. ರೀಲರ್ ಒಂದು ಗಂಟು ಎತ್ತಿಕೊಂಡು ಬೆರಳಲ್ಲಿ ಹೊಸಕಿ ನೋಡಿ ಕೆಳಗಿಟ್ಟರು.

ಹೊಸ ಡಬ್ಬಿ ಕೂರಿಸಿ, ಸ್ಟೆಬಿಲೈಸರ್ ಹಾಕಿ ಹಚ್ಚಿದೆ. ಹತ್ತು ನಿಮಿಷಕ್ಕೆ ಮೀಟರು ತೊಂಬತ್ತಮೂರು ತೋರಿಸಿತು. ಅಂಕಿಯನ್ನು ರೀಲರಿಗೆ ತೋರಿಸಿದೆ. ಆಗ ಮಂಚದ ಮೇಲಿನಿಂದ ದನಿ ಬಂತು. ತಾಯಿ ಎಚ್ಚರವಾಗೇ ಇದ್ದರು, ಇಷ್ಟೂ ಹೊತ್ತು ನನ್ನನ್ನೇ ನೋಡುತ್ತಿದ್ದರು. ಒಂದೊಂದು ಮಾತಿಗೂ ಉಸಿರು ಎಳೆದುಕೊಂಡು ಮಾತಾಡಿದರು.

“ಅದ್ರ ಬಾಯಿ ಕಟ್ಟಿದ್ದು ನೀನೇನಾ ಬೇಟಾ?”

“ಹೂಂ ಅಮ್ಮ. ನಾನೇ.”

“ನಾನೂ ಕೂಗ್ದೆ. ಉಸಿರು ಬತ್ತಿಲ್ಲ, ಉಸಿರು ಬತ್ತಿಲ್ಲ ಅಂತ ದಿನಾ ಹೇಳ್ದೆ. ಲೈಟು ಹಸಿರೈತಲ್ಲ ಅಮ್ಮಿ, ಸುಮ್ನಿರು ಅಂದ್ರು.”

ಸೊಸೆ ದುಪಟ್ಟಾದ ತುದಿಯನ್ನು ಬಾಯಿಗೆ ಒತ್ತಿಕೊಂಡರು. ರೀಲರ್ ಸ್ಟೂ‍ಲಿನಿಂದ ಎದ್ದು ಬಾಗಿಲ ಕಡೆ ತಿರುಗಿ ನಿಂತರು. ನಾನು ಮಷೀನಿನ ಬಾಯಿ ಮಾತ್ರ ಕಟ್ಟಿದ್ದೇನೆ ಎಂದುಕೊಂಡಿದ್ದೆ.

ಅಲಾರಂ ಕೆಲಸ ಮಾಡುತ್ತದೆಯೇ ಎಂದು ತೋರಿಸಬೇಕಿತ್ತು, ಅದೊಂದು ಬಾಕಿ ಉಳಿದಿತ್ತು. ಸೆನ್ಸರಿನ ಪಿನ್ನು ಎಳೆದೆ. ಹಳದಿ ಹತ್ತಿ ಮಷೀನು ಕೂಗಿತು. ತಾಯಿ ಬೆಚ್ಚಿಬಿದ್ದರು. ನಾನು ಗಡಬಡಿಸಿ ಪಿನ್ನು ವಾಪಸ್ ಸಿಕ್ಕಿಸಲು ಹೋದೆ. ಅವರು ಕೈ ಎತ್ತಿ ತಡೆದರು.

“ಕೂಗ್ಲಿ ಬುಡು,” ಅಂದರು. “ಇವರಿಗೂ ಒಸಿ ಕೇಳಿಸ್ಲಿ.”

ಪಿನ್ನು ಕೈಯಲ್ಲಿ ಹಿಡಿದುಕೊಂಡು ಕೂತೆ. ಸಾಕು ಎಂದು ಅವರು ಹೇಳುವವರೆಗೂ ಮಷೀನು ಕೂಗುತ್ತಿತ್ತು, ನಾವು ಮೂವರೂ ಕೇಳುತ್ತಿದ್ದೆವು.